ಬೇಸಿಗೆ ಮರೆತ ಕೆರೆ

ಹೋದ ತಿಂಗಳು ಒಂದು ಬೆಳಿಗ್ಗೆ ಬಾಲ್ಕನಿಯಲ್ಲಿ ಒಣಹಾಕಿದ್ದ ಕಪ್ಪು ಪ್ಯಾಂಟ್ ತೆಗೆಯಲು ಹೋದೆ. ಮೇಲೆಲ್ಲ ಬೆಕ್ಕಿನ ಕೂದಲಿನಂಥದ್ದು ಮೆತ್ತಿಕೊಂಡಿತ್ತು. ನಮ್ಮ ಮನೆಯಲ್ಲಿ ಬೆಕ್ಕಿಲ್ಲ. ಕೊಡವಿದೆ, ಹೋಗಲಿಲ್ಲ. ಬೆರಳಲ್ಲಿ ಕಿತ್ತರೆ ಹಿಂಜಿದ ಹತ್ತಿಯ ಹಾಗೆ ಅರಳಿಕೊಂಡು ಮೂಗಿಗೇ ಬಂತು. ಕನ್ನಡಕ ಹಾಕಿಕೊಂಡು ನೋಡಿದರೆ ಒಂದೊಂದು ಎಳೆಗೂ ಒಂದೊಂದು ಬೀಜ, ಗಸಗಸೆಗಿಂತ ಸಣ್ಣದು. ಕೆರೆಯ ಜೊಂಡು! ನಮ್ಮ ಬಡಾವಣೆಯ ಕೆರೆ ಮನೆಯಿಂದ ಎರಡು ರಸ್ತೆ ಆಚೆ. ಇವರು ಬರುವುದು ಕಡಿಮೆಯಾಯಿತಲ್ಲ ಅಂತ ಕೆರೆಯೇ ಮನೆ ಹುಡುಕಿಕೊಂಡು ಬಂದ ಹಾಗಿತ್ತು.

ಹೋಗುವುದು ಕಡಿಮೆಯಾಗಿದ್ದು ನಿಜ. ಹೋಗಿ ನೋಡುವುದೇನು? ನೀರೇ ಕಾಣುವುದಿಲ್ಲ. ವಾಕಿಂಗ್ ಟ್ರ್ಯಾಕ್‌ನ ಪಕ್ಕ ಆಳೆತ್ತರದ ಹಸಿರು ಗೋಡೆ. ಗೋಡೆಯ ಆಚೆಯಿಂದ ಕೊಕ್ ಕೊಕ್ ಅಂತ ಹಕ್ಕಿಗಳ ಸದ್ದು ಬರುತ್ತದೆ, ಹಕ್ಕಿ ಕಾಣುವುದಿಲ್ಲ. ಕೆರೆ ಪಕ್ಕದ ಸೈಟು ಅಂತ ಜಾಸ್ತಿ ದುಡ್ಡು ಕೊಟ್ಟು ಮನೆ ಕೊಂಡವರು ಈಗ ಮೂರನೇ ಮಹಡಿಗೆ ಹತ್ತಿ ಕೆರೆ ನೋಡುತ್ತಾರೆ. ಎರಡನೇ ಮಹಡಿಯವರಿಗೆ ಅದೂ ಇಲ್ಲ.

ಇದಕ್ಕೆ ಹೆಸರು ಸುಮಾರಿವೆ. ಜೊಂಡು, ಆನೆಜೊಂಡು, ಆಪು, ಜಂಬು. ಊರಿಂದ ಊರಿಗೆ ಹೆಸರು ಅದಲು ಬದಲಾಗುತ್ತದೆ. ನೀರಲ್ಲಿ ಎದ್ದು ನಿಲ್ಲುವ ಹುಲ್ಲಿಗೆಲ್ಲ ನಮ್ಮಜ್ಜಿ ಜಂಬು ಅಂತಲೇ ಅನ್ನುತ್ತಿದ್ದಳು. ನಾನು ಹೇಳುತ್ತಿರುವುದು ಕಡ್ಡಿಗೆ ಸಿಕ್ಕಿಸಿದ ಕುಲ್ಫಿಯ ಹಾಗೆ ಕಂದು ತೆನೆ ಬಿಡುತ್ತದಲ್ಲ, ಅದು. ಸಸ್ಯಶಾಸ್ತ್ರದವರು ಟೈಫಾ ಅನ್ನುತ್ತಾರೆ. ಒಂದು ಕುಲ್ಫಿಯಲ್ಲಿ ಲಕ್ಷಕ್ಕೂ ಜಾಸ್ತಿ ಬೀಜ ಇರಬಹುದಂತೆ. ಓದಿದಾಗ ನಂಬಿರಲಿಲ್ಲ. ಪ್ಯಾಂಟ್ ನೋಡಿದ ಮೇಲೆ ನಂಬಿದೆ.

ಈ ಕೆರೆಯ ಜೊಂಡಿನ ಜೊತೆ ನನ್ನದು ಆರೇಳು ವರ್ಷದ ಜಗಳ. ಅದರಲ್ಲಿ ಅರ್ಧ ತಪ್ಪು ನನ್ನದೇ. ಅದನ್ನೇ ಬರೆಯೋಣ ಅಂತ ಕೂತಿದ್ದೇನೆ.

ಕುಯ್ದಿದ್ದು, ಫೋಟೋ ತೆಗೆದಿದ್ದು

ಮೊದಲ ಸಲ ನಾವು ಜೊಂಡಿಗೆ ಇಳಿದದ್ದು ಒಂದು ಫೆಬ್ರವರಿ ಭಾನುವಾರ. ವಾಟ್ಸಾಪ್ ಗುಂಪಿನಲ್ಲಿ ಕರೆ ಹೋಗಿತ್ತು. ಹತ್ತು ಜನ ಬಂದರೆ ಹೆಚ್ಚು ಅಂದುಕೊಂಡಿದ್ದೆವು, ಅರವತ್ತು ಜನ ಬಂದರು. ಕುಡುಗೋಲು ಸಾಲದೆ ಯಾರೋ ತರಕಾರಿ ಹೆಚ್ಚುವ ಚಾಕು ತಂದಿದ್ದರು. ಗಮ್‌ಬೂಟು, ಕೈಗವಸು, ಬೆನ್ನ ಮೇಲೆ ಕೆರೆಯ ಹೆಸರು ಬರೆದ ಟೀಶರ್ಟ್. ಕೆಸರಿಗೆ ಕಾಲಿಟ್ಟ ಮೊದಲ ಐದು ನಿಮಿಷ ಎಲ್ಲರೂ ಕಿರುಚಾಡಿದರು. ಆಮೇಲೆ ಮಜಾ ಬಂತು. ಜೊಂಡು ಕುಯ್ಯುವುದರಲ್ಲಿ ಒಂದು ಸುಖ ಇದೆ. ಗಟ್ಟಿಯಿದೆ ಅನ್ನಿಸುತ್ತದೆ, ಕುಡುಗೋಲು ತಾಗಿಸಿದರೆ ಬಾಳೆದಿಂಡಿನ ಹಾಗೆ ಚಕ್ಕಂತ ಬರುತ್ತದೆ. ಒಳಗೆ ನೋಡಿದರೆ ಬರೀ ಗಾಳಿಗೂಡು, ಜೇನುತಟ್ಟಿಯ ಹಾಗೆ ಕಿಂಡಿ ಕಿಂಡಿ. ಆ ಕಿಂಡಿಗಳನ್ನು ಆವತ್ತೇ ಸರಿಯಾಗಿ ನೋಡಿದ್ದರೆ ಮುಂದಿನ ಎರಡು ವರ್ಷದ ಕಥೆ ಬೇರೆ ಆಗುತ್ತಿತ್ತು.

ಹತ್ತೂವರೆ ಹೊತ್ತಿಗೆ ಟ್ರ್ಯಾಕ್‌ನ ಉದ್ದಕ್ಕೂ ಬಯಲು. ನೀರು ಕಂಡಿತು! ಮೊಣಕಾಲೆತ್ತರಕ್ಕೆ ಕತ್ತರಿಸಿದ ಕೂಳೆಗಳ ನಡುವೆ ಬಿಸಿಲು ಬಿದ್ದು ಹೊಳೆಯುತ್ತಿತ್ತು. ಬೇರು ಕೀಳಲು ನೋಡಿದವರು ಸೋತು ಬಿಟ್ಟರು. ಅದು ಕೆಸರಿನಲ್ಲಿ ಅಡ್ಡಡ್ಡ ಓಡುವ ಗೆಡ್ಡೆ. ಒಂದು ಎಳೆದರೆ ಮೂರು ಮಾರು ಆಚೆ ಇನ್ನೊಂದು ಅಲ್ಲಾಡುತ್ತಿತ್ತು. ಬೇರೆ ಬೇರೆ ಗಿಡ ಅಂದುಕೊಂಡಿದ್ದೆಲ್ಲ ಒಂದೇ ಗಿಡ. ಇರಲಿ, ಮೇಲಿನದ್ದು ಹೋಯಿತಲ್ಲ ಅಂತ ಸಮಾಧಾನ ಮಾಡಿಕೊಂಡೆವು. ಕುಯ್ದ ಸೊಪ್ಪನ್ನು ಏರಿಯ ಪಕ್ಕ ರಾಶಿ ಹಾಕಿದೆವು. ಲಾರಿ ಬರುತ್ತದೆ ಅಂದಿದ್ದರು. ಗುಂಪು ಫೋಟೋ ಆಯಿತು, ಇಡ್ಲಿ ವಡೆ ಆಯಿತು. ಮೊದಲು ಹೀಗಿತ್ತು, ಈಗ ಹೀಗಾಯಿತು ಅಂತ ಎರಡು ಚಿತ್ರ ಅಕ್ಕಪಕ್ಕ ಹಾಕಿ ಫೇಸ್‌ಬುಕ್‌ಗೆ ಏರಿಸಿದ್ದು ನಾನೇ.

ಲಾರಿ ಬರಲಿಲ್ಲ. ಏಪ್ರಿಲ್‌ನಲ್ಲಿ ಎರಡು ಅಡ್ಡಮಳೆ ಬಂದು ರಾಶಿಯಲ್ಲಿ ಕಾಲು ಭಾಗ ಮತ್ತೆ ಕೆರೆಗೇ ಹೋಯಿತು, ಉಳಿದದ್ದು ಅಲ್ಲೇ ಕೊಳೆತು ಕಪ್ಪು ನೀರಾಗಿ ಇಳಿಯಿತು. ಮೇ ಕೊನೆಗೆ ಜೊಂಡು ನನ್ನ ತಲೆ ಮೀರಿತ್ತು. ಮೊದಲಿಗಿಂತ ದಟ್ಟ. ಕಟಿಂಗ್ ಮಾಡಿಸಿದ ಮೇಲೆ ಕೂದಲು ಚೆನ್ನಾಗಿ ಬರುತ್ತೆ ಅಂತ ಕ್ಷೌರದಂಗಡಿಯವರು ಹೇಳುತ್ತಾರಲ್ಲ, ಹಾಗೆ. ಮುಂದಿನ ವರ್ಷವೂ ಹಾಗೇ ಮಾಡಿದೆವು. ಮೂವತ್ತು ಜನ ಬಂದರು. ಮೂರನೇ ವರ್ಷ ಒಂಬತ್ತು.

ಅದು ಉಸಿರಾಡುವ ಕೊಳವೆ

ಮೂರನೇ ವರ್ಷದ ಹೊತ್ತಿಗೆ ನನಗೆ ಸಿಟ್ಟು ಬಂದು ಓದಲು ಶುರು ಮಾಡಿದೆ. ಓದಿದ್ದೆಲ್ಲ ಹೇಳುವುದಿಲ್ಲ. ಒಂದು ಸಂಗತಿ ಮಾತ್ರ ಸಾಕು. ಜೊಂಡಿನ ಗೆಡ್ಡೆ ಇರುವುದು ಗಾಳಿಯಾಡದ ಕೆಸರಿನಲ್ಲಿ. ಅದಕ್ಕೆ ಉಸಿರು ಮೇಲಿನಿಂದ ಹೋಗಬೇಕು. ಆ ಜೇನುತಟ್ಟಿಯಂಥ ಕಿಂಡಿಗಳಿರುವುದು ಅದಕ್ಕೇ. ಎಲೆಯಿಂದ ಗೆಡ್ಡೆಯವರೆಗೆ ಗಾಳಿಯ ಕೊಳವೆ. ಎಲೆ ಒಣಗಿದರೂ ಕಡ್ಡಿ ನೀರಿನ ಮೇಲೆ ನಿಂತಿದ್ದರೆ ಸಾಕು, ಕೊಳವೆ ಕೆಲಸ ಮಾಡುತ್ತದೆ. ನಾವು ಅರವತ್ತು ಜನ ಸೇರಿ ಮಾಡಿದ್ದೇನು? ನೀರಿನ ಮೇಲೆ ಮೊಣಕಾಲೆತ್ತರ ಕೊಳವೆ ಉಳಿಸಿ, ಹಳೇ ಎಲೆ ತೆಗೆದು, ಹೊಸ ಚಿಗುರಿಗೆ ಬಿಸಿಲು ಬಿಟ್ಟುಕೊಟ್ಟೆವು. ದುಡ್ಡು ಕೊಟ್ಟರೂ ಇಂಥ ಸೇವೆ ಸಿಗುತ್ತಿರಲಿಲ್ಲ.

ಕುಯ್ಯಬೇಕಾದದ್ದು ನೀರಿನ ಕೆಳಗೆ. ಕೂಳೆ ಒಂದು ಗೇಣಾದರೂ ನೀರಲ್ಲಿ ಮುಳುಗಿರಬೇಕು, ವಾರಗಟ್ಟಲೆ ಮುಳುಗೇ ಇರಬೇಕು. ಆಗ ಕೊಳವೆಗೆ ನೀರು ತುಂಬಿ ಗೆಡ್ಡೆಗೆ ಉಸಿರು ಕಟ್ಟುತ್ತದೆ. ಯಾವಾಗ ಕುಯ್ಯುತ್ತೇವೆ ಅನ್ನುವುದೂ ಮುಖ್ಯ. ತೆನೆ ಬಿಡುವ ಹೊತ್ತಿಗೆ ಗಿಡ ತನ್ನ ಗೆಡ್ಡೆಯಲ್ಲಿ ಕೂಡಿಟ್ಟ ಹಿಟ್ಟನ್ನೆಲ್ಲ ಮೇಲಕ್ಕೆ ಸುರಿದಿರುತ್ತದೆ. ಕೆಳಗೆ ಉಗ್ರಾಣ ಖಾಲಿ. ಹೊಡೆಯುವುದಾದರೆ ಆಗ ಹೊಡೆಯಬೇಕು. ಅದೂ ಒಂದು ಸಲಕ್ಕೆ ಮುಗಿಯುವುದಿಲ್ಲ, ಮತ್ತೆ ಚಿಗುರಿದಾಗ ಮತ್ತೆ.

ನಂಬಿಕೆ ಬರಲಿ ಅಂತ ನಾವು ಮೂರು ಜನ ಹಗ್ಗ ಕಟ್ಟಿ ಎರಡು ಚೌಕ ಮಾಡಿದೆವು, ಎರಡೂ ಒಂದೊಂದು ಕೋಣೆಯಷ್ಟು. ಒಂದರಲ್ಲಿ ಹಳೇ ಥರ ಮೇಲೆ, ಇನ್ನೊಂದರಲ್ಲಿ ನೀರಿನ ಕೆಳಗೆ. ನೀರಿನ ಕೆಳಗೆ ಕುಯ್ಯುವುದು ಕಷ್ಟದ ಕೆಲಸ. ಕೈ ಕಾಣುವುದಿಲ್ಲ. ಕುಡುಗೋಲು ಎಲ್ಲಿದೆ ಅಂತ ಬೆರಳಿಗೆ ತಾಗಿದ ಮೇಲೇ ಗೊತ್ತಾಗುವುದು. ಆ ನೀರು ಎಂಥ ನೀರು ಅಂತ ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಒಬ್ಬರಿಗೆ ಮೊಣಕೈವರೆಗೆ ಕಜ್ಜಿಯಾಯಿತು. ಆದರೆ ಎರಡು ತಿಂಗಳ ಮೇಲೆ ಹೋಗಿ ನೋಡಿದಾಗ ಮೊದಲ ಚೌಕ ಯಾವುದು ಅಂತ ಹುಡುಕಬೇಕಾಯಿತು, ಸುತ್ತಲಿನ ಜೊಂಡಿನಲ್ಲಿ ಸೇರಿಹೋಗಿತ್ತು. ಎರಡನೇ ಚೌಕದಲ್ಲಿ ನೀರಿತ್ತು. ಅಂಚಿನಿಂದ ನಾಲ್ಕಾರು ಚಿಗುರು ಒಳಗೆ ನುಗ್ಗುತ್ತಿದ್ದವು, ಅಷ್ಟೇ. ನಡುವೆ ಒಂದು ಗುಳುಮುಳುಕ ಮುಳುಗುತ್ತಾ ಏಳುತ್ತಾ ಇತ್ತು. ನನಗಂತೂ ಪದಕ ಬಂದಷ್ಟು ಖುಷಿ.

ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಉಪಾಯ ಸಿಕ್ಕಿತಲ್ಲ, ಕೆರೆಯೆಲ್ಲ ಹಾಗೇ ಕುಯ್ದರಾಯಿತು ಅಲ್ವಾ? ಆದರೆ ಒಂದು ಪ್ರಶ್ನೆ ಮಾತ್ರ ಬಿಡದೆ ಕಾಡುತ್ತಿತ್ತು. ಈ ಗಿಡ ಹೊರಗಿನಿಂದ ಬಂದದ್ದಲ್ಲ. ಅಂತರಗಂಗೆ ಅಂತ ನಾವು ಕರೆಯುವ ನೇರಳೆ ಹೂವಿನ ತೇಲುಗಿಡ ಇದೆಯಲ್ಲ, ಅದು ದಕ್ಷಿಣ ಅಮೆರಿಕದ್ದು. ಅದನ್ನು ತಿನ್ನುವ ಮೂತಿಹುಳುವನ್ನೂ ಹೊರಗಿನಿಂದಲೇ ತರಿಸಿ 1980ರ ದಶಕದಲ್ಲಿ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಬೆಂಗಳೂರಿನ ಕೆರೆಗಳಿಗೆ ಬಿಟ್ಟಿದ್ದರು. ಜೊಂಡಿಗೆ ಹಾಗೆ ತರಿಸಲು ಹುಳುವಿಲ್ಲ. ಅದು ಇಲ್ಲಿಯದೇ. ನಮ್ಮ ಕೆರೆಗಳಲ್ಲಿ ಮೊದಲಿನಿಂದ ಇದ್ದದ್ದು. ಹಾಗಿದ್ದರೆ ಮೊದಲು ಯಾಕೆ ಸುಮ್ನೆ ಒಂದು ಮೂಲೆಯಲ್ಲಿತ್ತು? ಆಗ ಯಾವ ಟೀಶರ್ಟಿನವರು ಬಂದು ಕುಯ್ಯುತ್ತಿದ್ದರು?

ಅಜ್ಜಿ ಊರಿನ ಏಪ್ರಿಲ್

ಅಜ್ಜಿಯ ಊರು ಕೋಲಾರ ಜಿಲ್ಲೆ. ಬೇಸಿಗೆ ರಜಕ್ಕೆ ಹೋಗುತ್ತಿದ್ದೆವು. ಹಾಗಾಗಿ ಆ ಊರಿನ ಕೆರೆ ಅಂದರೆ ನನಗೆ ನೆನಪಾಗುವುದು ಒಣಗಿದ ಕೆರೆ. ತುಂಬಿದ ಕೆರೆಯನ್ನು ನಾನು ನೋಡಿದ್ದು ಎರಡೋ ಮೂರೋ ಸಲ, ದಸರಾಕ್ಕೆ ಹೋದಾಗ. ಮಾರ್ಚ್ ಕೊನೆಗೆ ಕೆರೆಯ ನೀರು ಹೊರಗೆ ಬಿಡುವ ತೂಬಿನ ಹತ್ತಿರ ಒಂದು ಮಡು ಮಾತ್ರ ಉಳಿಯುತ್ತಿತ್ತು. ಉಳಿದದ್ದೆಲ್ಲ ಕೆರೆಯಂಗಳ. ಅಂಗಳ ಅನ್ನುವ ಮಾತು ಎಷ್ಟು ಸರಿಯಾಗಿದೆ ನೋಡಿ. ಮನೆ ಮುಂದಿನ ಅಂಗಳದಲ್ಲಿ ಆಗುವುದೆಲ್ಲ ಅಲ್ಲೂ ಆಗುತ್ತಿತ್ತು. ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಕುರಿ ಮಂದೆ ಬೀಡುಬಿಡುತ್ತಿತ್ತು. ಎತ್ತಿನ ಗಾಡಿಗಳು ಸಾಲಾಗಿ ಇಳಿದು ಗೋಡು, ಅಂದರೆ ಕೆರೆಯ ಹೂಳುಮಣ್ಣು, ತುಂಬಿಕೊಂಡು ಹೊಲಕ್ಕೆ ಹೋಗುತ್ತಿದ್ದವು. ಮಾವ ಗಾಡಿಯ ಮೂಕಿಯ ಮೇಲೆ ನನ್ನನ್ನು ಕೂರಿಸುತ್ತಿದ್ದ. ಗೋಡಿನ ಹೆಂಟೆಗಳಲ್ಲಿ ಬಿಳಿ ಗೆಡ್ಡೆಗಳು ಸಿಕ್ಕಿಕೊಂಡಿರುತ್ತಿದ್ದವು, ಮುರಿದರೆ ಒಳಗೆ ನಾರು ನಾರು. ಅದೇನು ಅಂತ ಆಗ ಕೇಳಿರಲಿಲ್ಲ.

ಮೀನು ಹಿಡಿಯುವ ದಿನ ಮಾತ್ರ ಚೆನ್ನಾಗಿ ನೆನಪಿದೆ. ಮಡುವಿನ ನೀರು ಮೊಣಕಾಲಿಗಿಳಿದ ಮೇಲೆ ಒಂದು ಬೆಳಿಗ್ಗೆ ತಮಟೆ ಹೊಡೆದು ಸಾರುತ್ತಿದ್ದರು. ಊರಿಗೆ ಊರೇ ಇಳಿಯುತ್ತಿತ್ತು. ಬಲೆ ಇದ್ದವರು ಬಲೆ, ಇಲ್ಲದವರು ಮಂಕರಿ, ಹಳೇ ಸೀರೆ. ಮಾಂಸ ತಿನ್ನದ ನಮ್ಮಜ್ಜಿಯೂ ಏರಿಯ ಮೇಲೆ ಹುಣಸೆ ಮರದ ಕೆಳಗೆ ಕೂತು ಯಾರಿಗೆ ಎಷ್ಟು ಸಿಕ್ಕಿತು ಅಂತ ಲೆಕ್ಕ ಇಡುತ್ತಿದ್ದಳು. ಇನ್ನೂರು ಮುನ್ನೂರು ಜನ ಆ ಕೆಸರನ್ನು ತುಳಿದು ತುಳಿದು ಅಂಬಲಿ ಮಾಡುತ್ತಿದ್ದರು. ಮಧ್ಯಾಹ್ನ ಎಲ್ಲರೂ ಹೋದ ಮೇಲೆ ಎಮ್ಮೆಗಳು ಬಂದು ಹೊರಳುತ್ತಿದ್ದವು. ಸಂಜೆ ಹಂದಿಗಳು ಬಂದು ಮೂತಿ ಹಾಕಿ ಕೆದಕುತ್ತಿದ್ದವು. ಮಡುವಿನ ಅಂಚಿನಲ್ಲಿ ಒಂದಿಷ್ಟು ಜಂಬು ಒಣಗಿ ನಿಂತಿರುತ್ತಿತ್ತು. ಅದನ್ನು ಚಪ್ಪರಕ್ಕೆ ಅಂತ ಯಾರೋ ಕುಯ್ದುಕೊಂಡು ಹೋಗುತ್ತಿದ್ದರು. ಮೇ ತಿಂಗಳಲ್ಲಿ ಅಂಗಳ ಪೂರ್ತಿ ಬಿರುಕು ಬಿಡುತ್ತಿತ್ತು, ನನ್ನ ಕೈ ಇಳಿಯುವಷ್ಟು ಬಿರುಕು.

ಜೊಂಡು ಒಂದೇ ಬೇಸಿಗೆಗೆ ಸಾಯುವಷ್ಟು ಮೆತ್ತಗಿನ ಗಿಡವಲ್ಲ. ಗೆಡ್ಡೆ ಕೆಸರೊಳಗೆ ಜೀವ ಹಿಡಿದುಕೊಂಡಿರುತ್ತದೆ. ಆದರೆ ಪ್ರತಿ ವರ್ಷವೂ ಬಿಸಿಲು, ಗೊರಸು, ಮೂತಿ, ಗುದ್ದಲಿ ಎಲ್ಲ ಒಂದಾದ ಮೇಲೊಂದು ಬಂದರೆ ಹರಡುವುದಕ್ಕೆ ಪುರುಸೊತ್ತು ಎಲ್ಲಿ? ಇದ್ದ ಮೂಲೆ ಉಳಿಸಿಕೊಂಡರೆ ಹೆಚ್ಚು. ಯಾರೂ ಜೊಂಡು ನಿರ್ಮೂಲನೆ ಅಂತ ಯೋಜನೆ ಮಾಡಿರಲಿಲ್ಲ. ಅವರವರ ಕೆಲಸ ಅವರು ಮಾಡಿಕೊಂಡು ಹೋಗುತ್ತಿದ್ದರು.

ನಮ್ಮ ಬಡಾವಣೆಯ ಕೆರೆಗೆ ಆ ಬೇಸಿಗೆ ಇಲ್ಲ. ಸುತ್ತಲಿನ ಮನೆಗಳ ಚರಂಡಿ ಮುನ್ನೂರರವತ್ತೈದು ದಿನವೂ ಹರಿದು ಬರುತ್ತಿತ್ತು. ಏಪ್ರಿಲ್‌ನಲ್ಲೂ ಕೋಡಿಯ ಮಟ್ಟಕ್ಕೆ ಎರಡೇ ಅಡಿ ಕಡಿಮೆ ಇರುತ್ತಿತ್ತು. ಗೊಬ್ಬರದ ನೀರಿದು, ಜೊಂಡು ಬೆಳೆಯದೆ ಇನ್ನೇನು ಅಂತ ಎಲ್ಲರೂ ಹೇಳುತ್ತಾರೆ. ನಿಜ. ಆದರೆ ಗೊಬ್ಬರಕ್ಕಿಂತ ದೊಡ್ಡ ಉಪಕಾರ ಅಂದರೆ ನೀರಿನ ಮಟ್ಟ ಅಲ್ಲಾಡದೆ ನಿಂತಿರುವುದು. ಮೊಣಕಾಲಿನಿಂದ ಎದೆಮಟ್ಟದವರೆಗಿನ ನೀರು ವರ್ಷವಿಡೀ ಹಾಗೇ ಇದ್ದರೆ ಜೊಂಡಿಗೆ ಅದಕ್ಕಿಂತ ಸ್ವರ್ಗ ಇಲ್ಲ. ಅದರ ಬುಡದಲ್ಲಿ ಹೂಳು ಕೂರುತ್ತದೆ. ಹೂಳು ಕೂತರೆ ಕೆರೆ ಆಳ ಕಡಿಮೆಯಾಗುತ್ತದೆ. ಆಳ ಕಡಿಮೆಯಾದ ಕಡೆ ಜೊಂಡು ಇನ್ನೊಂದು ಹೆಜ್ಜೆ ಮುಂದಿಡುತ್ತದೆ.

ಸೆನೆಗಲ್, ಕೋಸ್ಟರಿಕಾ, ಭರತಪುರ

ಇದು ನನ್ನದೇ ತಲೆಹರಟೆ ಇರಬಹುದು ಅಂತ ಹುಡುಕಿದೆ. ಪಶ್ಚಿಮ ಆಫ್ರಿಕಾದ ಸೆನೆಗಲ್ ನದಿಯ ಮುಖಜ ಭೂಮಿಯಲ್ಲಿ 1986ರಲ್ಲಿ ಡಿಯಾಮಾ ಅಂತ ಒಂದು ಅಣೆಕಟ್ಟು ಕಟ್ಟಿದರು. ಸಮುದ್ರದ ಉಪ್ಪುನೀರು ಮೇಲೆ ಬರದಿರಲಿ, ವರ್ಷವೆಲ್ಲ ಸಿಹಿನೀರು ನಿಲ್ಲಲಿ ಅಂತ. ನಿಂತಿತು. ಅದಕ್ಕೆ ಮೊದಲು ಅಲ್ಲಿ ಪ್ರವಾಹ, ಬರ, ಉಪ್ಪು ಎಲ್ಲ ಸರದಿಯಲ್ಲಿ ಬಂದು ಹೋಗುತ್ತಿದ್ದವು. ಆ ಸರದಿ ನಿಂತ ಮೇಲೆ ನದಿಯ ದಂಡೆ, ಕಾಲುವೆ ಎಲ್ಲ ಕಡೆ ಇದೇ ಟೈಫಾ. ಮೀನುಗಾರರಿಗೆ ನೀರಿಗಿಳಿಯಲು ದಾರಿ ಇಲ್ಲದಂತಾಯಿತು. ಈಗ ಅಲ್ಲಿ ಅದನ್ನು ಕುಯ್ದು ಸೌದೆ ಇದ್ದಿಲು ಮಾಡುವ ಪ್ರಯತ್ನ ನಡೆದಿದೆ.

ಕೋಸ್ಟರಿಕಾದ ಕಥೆ ನನಗೆ ಇನ್ನೂ ಇಷ್ಟ. ಪಾಲೋ ವೆರ್ದೆ ಅಂತ ಒಂದು ಜೌಗು, ಹಕ್ಕಿಗಳಿಗೆ ಹೆಸರಾದದ್ದು. ಮೊದಲು ದನ ಮೇಯಿಸುತ್ತಿದ್ದ ಜಾಗ. ರಾಷ್ಟ್ರೀಯ ಉದ್ಯಾನ ಮಾಡಿ ದನಗಳನ್ನು ಹೊರಗೆ ಹಾಕಿದರು. ಕೆಲವೇ ವರ್ಷಗಳಲ್ಲಿ ಟೈಫಾ ತುಂಬಿಕೊಂಡು ಹಕ್ಕಿಗೆ ಇಳಿಯಲು ನೀರೇ ಕಾಣದಂತಾಯಿತು. ಏನು ಮಾಡಿದರು ಗೊತ್ತಾ? ಭತ್ತದ ಗದ್ದೆಯ ಕೆಸರು ತುಳಿಸಲು ಟ್ರ್ಯಾಕ್ಟರಿಗೆ ಕಬ್ಬಿಣದ ಚಕ್ರ ಕಟ್ಟುತ್ತಾರಲ್ಲ, ಅಂಥದ್ದನ್ನೇ ತಂದು ಜೊಂಡನ್ನು ನೀರಿನ ಕೆಳಗೆ ತುಳಿಸಿಬಿಟ್ಟರು. ಅದನ್ನು ಓದುವಾಗ ಮಂಡ್ಯದ ಗದ್ದೆ ಕಣ್ಣ ಮುಂದೆ ಬಂತು. ನೀರು ಬಂತು, ಹಕ್ಕಿಗಳು ಬಂದವು. ಎಮ್ಮೆ ಮಾಡುತ್ತಿದ್ದ ಕೆಲಸವನ್ನು ಟ್ರ್ಯಾಕ್ಟರು ಮಾಡಿತು.

ನಮ್ಮ ಭರತಪುರದ್ದು ಇದಕ್ಕಿಂತ ನೋವಿನ ಕಥೆ. 1982ರಲ್ಲಿ ಆ ಪಕ್ಷಿಧಾಮದಲ್ಲಿ ಎಮ್ಮೆ ಮೇಯಿಸುವುದನ್ನು ನಿಲ್ಲಿಸಿದರು. ಸುತ್ತಲಿನ ಹಳ್ಳಿಯವರು ಪ್ರತಿಭಟಿಸಿದರು, ಗೋಲಿಬಾರ್ ಆಗಿ ಜೀವಗಳೇ ಹೋದವು. ಆಮೇಲೆ ಅಲ್ಲಿ ಹುಲ್ಲು ಬೆಳೆದು ನೀರು ಮುಚ್ಚಿಕೊಂಡಿತು. ಅದು ಜೊಂಡಲ್ಲ, ಬೇರೆ ಜಾತಿಯ ಹುಲ್ಲು. ಹಕ್ಕಿಗಳಿಗೆ ಎಮ್ಮೆ ಬೇಕಿತ್ತು ಅಂತ ಕೊನೆಗೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರ ಅಧ್ಯಯನವೇ ಹೇಳಿತು.

ನಾವು ವಾಪಸ್ ಕಳಿಸಿದ ಬೇಸಿಗೆ

ಈಗ ನನ್ನ ತಪ್ಪಿಗೆ ಬರುತ್ತೇನೆ. 2023ರ ಮಳೆ ಕೈಕೊಟ್ಟಿತ್ತು. ಅದಕ್ಕೆ ಸ್ವಲ್ಪ ಮೊದಲು, ಬಹಳ ವರ್ಷ ಅರ್ಜಿ ಹಾಕಿದ ಮೇಲೆ, ನಮ್ಮ ಕೆರೆಯ ಪಕ್ಕ ಚರಂಡಿ ನೀರು ಹೊರಗಿನಿಂದಲೇ ದಾಟಿ ಹೋಗುವ ಕಾಲುವೆ ಮಾಡಿಕೊಟ್ಟಿದ್ದರು. 2024ರ ಮಾರ್ಚ್ ನೆನಪಿದೆಯಲ್ಲ? ಬೋರ್‌ವೆಲ್ ಬತ್ತಿ, ಟ್ಯಾಂಕರ್ ಬೆಲೆ ಏರಿ, ಬೆಂಗಳೂರಿನವರೆಲ್ಲ ಬಕೆಟ್ ಲೆಕ್ಕದಲ್ಲಿ ಬದುಕಿದ ಬೇಸಿಗೆ. ಆ ಮಾರ್ಚ್‌ನಲ್ಲಿ ನಮ್ಮ ಕೆರೆ ಇಳಿಯಿತು. ನಾನು ಈ ಬಡಾವಣೆಗೆ ಬಂದ ಮೇಲೆ ಮೊದಲ ಸಲ. ದಡದಿಂದ ಹತ್ತು ಮಾರು, ಇಪ್ಪತ್ತು ಮಾರು ಹಿಂದೆ ಸರಿಯಿತು. ಜೊಂಡು ಒಣ ಕೆಸರಿನ ಮೇಲೆ ಬೆತ್ತಲೆ ಕಾಲಲ್ಲಿ ನಿಂತ ಹಾಗೆ ನಿಂತಿತ್ತು. ಎಲೆ ಹಳದಿಗೆ ತಿರುಗಿತ್ತು. ಜೆಸಿಬಿ ಇಳಿಸಿ ಮೂರು ವಾರ ಕೆಲಸ ಮಾಡಿದ್ದರೆ ಗೆಡ್ಡೆ ಸಮೇತ ಎತ್ತಬಹುದಿತ್ತು. ಬಿಸಿಲಿಗೆ ಹಾಕಿದ್ದರೂ ಸಾಕಿತ್ತು.

ನಾವು ಏನು ಮಾಡಿದೆವು? ಕೆರೆ ಸಾಯುತ್ತಿದೆ ಅಂತ ಕೂಗಿದೆವು. ಒಣಗಿದ ಕೆರೆಯ ಫೋಟೋ ಎಲ್ಲ ಕಡೆ ಓಡಾಡಿತು. ಸತ್ತ ಮೀನುಗಳ ಫೋಟೋ ನೋಡಿ ಹೊಟ್ಟೆ ಕಿವುಚಿತು. ಸಂಸ್ಕರಿಸಿದ ನೀರನ್ನಾದರೂ ಬಿಡಿ ಅಂತ ಮನವಿ ಬರೆದರು. ಸಹಿ ಹಾಕಿದವರಲ್ಲಿ ನಾನು ಏಳನೆಯವನೋ ಎಂಟನೆಯವನೋ. ಏಪ್ರಿಲ್ ಎರಡನೇ ವಾರ ಪೈಪಿನಲ್ಲಿ ನೀರು ಬಂತು, ಸಿಹಿ ಹಂಚಿದೆವು. ಜೂನ್‌ಗೆ ಜೊಂಡು ಎದ್ದು ನಿಂತಿತು. ನೀರು ಇಳಿದಾಗ ತೆರೆದುಕೊಂಡ ಒದ್ದೆ ಕೆಸರಿನ ಮೇಲೆ ಬಿದ್ದ ಬೀಜವೆಲ್ಲ ಮೊಳೆತಿತ್ತು. ಹಾಗಾಗಿ ಮೊದಲಿಲ್ಲದ ಕಡೆಯೂ ಬಂತು. ಅರ್ಧ ಬೇಸಿಗೆ ಕೊಟ್ಟು ಕಿತ್ತುಕೊಂಡರೆ ಪೂರ್ತಿ ಬೇಸಿಗೆ ಇಲ್ಲದ್ದಕ್ಕಿಂತ ಕೆಟ್ಟದ್ದು ಅಂತ ಆಗ ಗೊತ್ತಾಯಿತು.

ಕೆರೆ ಅಂದರೆ ಸದಾ ತುಂಬಿರಬೇಕು ಅನ್ನುವುದು ನಗರದವರ ಆಸೆ. ನನ್ನದೂ ಅದೇ. ಬಾಲ್ಕನಿಯಿಂದ ಬಿರುಕು ಬಿಟ್ಟ ಮಣ್ಣು ಕಂಡರೆ ಯಾರಿಗೆ ತಾನೇ ಇಷ್ಟವಾಗುತ್ತದೆ? ಕೋಲಾರದ ಆ ಅಂಗಳದಲ್ಲಿ ಕ್ರಿಕೆಟ್ ಆಡಿದವನೇ ಇಲ್ಲಿ ಬಂದು ಮನವಿಗೆ ಸಹಿ ಹಾಕಿದ್ದೇನೆ.

ಈಗ ಮಾಡುತ್ತಿರುವುದು

ಈಗ ನಾವು ಐದು ಜನ. ಐದು ಜನಕ್ಕೆ ಆಗುವಷ್ಟೇ ಮಾಡುತ್ತೇವೆ. ಮೊದಲ ಜಗಳ ಎಷ್ಟು ತೆಗೆಯಬೇಕು ಅನ್ನುವುದು. ವಾಕಿಂಗ್‌ನವರು ಪೂರ್ತಿ ತೆಗೀರಿ, ಸೊಳ್ಳೆ, ಹಾವು ಅನ್ನುತ್ತಾರೆ. ಹಕ್ಕಿಯವರು ಒಂದು ಕಡ್ಡಿ ಮುಟ್ಟಬೇಡಿ ಅನ್ನುತ್ತಾರೆ. ಹಕ್ಕಿಯವರ ಮಾತು ಸುಳ್ಳಲ್ಲ. ಜಂಬುಕೋಳಿಯ ಹೆಸರಲ್ಲೇ ಜಂಬು ಇದೆ. ಒಂದು ಆಗಸ್ಟ್‌ನಲ್ಲಿ ಕುಯ್ಯಲು ಇಳಿದಾಗ, ಜೊಂಡು ಬಗ್ಗಿಸಿ ಮಾಡಿದ ತಟ್ಟೆಯಂಥ ಗೂಡಿನಲ್ಲಿ ನಾಲ್ಕು ಮೊಟ್ಟೆ ಇದ್ದವು, ಕುಡುಗೋಲಿಗೆ ಒಂದು ಗೇಣು ದೂರ. ನೇರಳೆ ಜಂಬುಕೋಳಿ ಮೂರು ಮಾರು ಆಚೆ ನಿಂತು ಬಾಲ ಕುಣಿಸುತ್ತಾ ಬೈಯುತ್ತಿತ್ತು. ಆವತ್ತು ಕುಡುಗೋಲು ಮಡಚಿಟ್ಟು ಬಂದೆವು. ಮಳೆಗಾಲದಲ್ಲಿ ಈಗ ಕೈ ಹಾಕುವುದೇ ಇಲ್ಲ.

ನೀರು ಒಳಗೆ ಬರುವ ಬಾಯಿಯ ಹತ್ತಿರದ ಜೊಂಡನ್ನು ಮುಟ್ಟುವುದಿಲ್ಲ. ಅದು ಅಲ್ಲಿ ದುಡಿಯುತ್ತಿದೆ. ಜಕ್ಕೂರಿನ 160 ಎಕರೆ ಕೆರೆಯನ್ನು ನೋಡಿದವರಿಗೆ ಗೊತ್ತು. ಅಲ್ಲಿ ದಿನಕ್ಕೆ 1 ಕೋಟಿ ಲೀಟರ್ ಲೆಕ್ಕದಲ್ಲಿ ಕಟ್ಟಿದ ಶುದ್ಧೀಕರಣ ಘಟಕದಿಂದ ಹೊರಟ ನೀರು ಜೊಂಡಿನ ಜೌಗನ್ನು ಹಾದು ಆಮೇಲೆ ಕೆರೆಗೆ ಬರುತ್ತದೆ. ನೀರಿನಲ್ಲಿ ಉಳಿದ ಗೊಬ್ಬರದ ಅಂಶವನ್ನು ಜೊಂಡು ಹೀರಿಕೊಳ್ಳುತ್ತದೆ. ಆದರೆ ಹೀರಿಕೊಂಡದ್ದು ಅದರ ಮೈಯಲ್ಲೇ ಇರುತ್ತದಲ್ಲ. ಗಿಡ ಅಲ್ಲೇ ಸತ್ತು ಕೊಳೆತರೆ ಎಲ್ಲ ಮತ್ತೆ ನೀರಿಗೆ. ನಮ್ಮ ಆ ಮೊದಲ ರಾಶಿ ಮಾಡಿದ್ದು ಇದನ್ನೇ. ಈಗ ಲಾರಿ ಗೊತ್ತಾಗದೆ ಕುಡುಗೋಲು ಎತ್ತುವುದಿಲ್ಲ. ಸೊಪ್ಪು ಒಬ್ಬರ ತೋಟಕ್ಕೆ ಹೋಗುತ್ತದೆ, ಗೊಬ್ಬರಗುಂಡಿಗೂ ಮುಚ್ಚಿಗೆಗೂ ಬಳಸುತ್ತಾರೆ. ತೆನೆ ಒಡೆಯುವ ಮೊದಲು ಕುಯ್ದರೆ ಬೀಜದ ಹೆದರಿಕೆ ಇಲ್ಲ.

ಔಷಧಿ ಹೊಡೆಯೋಣ ಅಂತ ವರ್ಷಕ್ಕೊಮ್ಮೆ ಯಾರಾದರೂ ಹೇಳುತ್ತಾರೆ. ಗ್ಲೈಫೋಸೇಟ್ ಅನ್ನುವ ಕಳೆನಾಶಕವನ್ನು ಬೇಕೆಂದವರು ಬೇಕಾದ ಹಾಗೆ ಹೊಡೆಯಬಾರದು ಅಂತ 2022ರಲ್ಲೇ ಕೇಂದ್ರ ಸರ್ಕಾರ ಕಟ್ಟು ಹಾಕಿದೆ. ಅದು ಹಾಗಿರಲಿ, ಅಷ್ಟು ಜೊಂಡು ಒಟ್ಟಿಗೆ ಸತ್ತು ನೀರಲ್ಲಿ ಕೊಳೆತರೆ ಮೀನಿಗೆ ಉಸಿರೆಲ್ಲಿ? ಯಂತ್ರ ಒಂದು ಸಲ ಬಂದಿತ್ತು. ತೇಲುವ ಗಿಡ ಬಾಚಲು ಒಳ್ಳೆಯದು. ಜೊಂಡನ್ನು ಮಾತ್ರ ನಮ್ಮ ಹಾಗೇ ಮೇಲೆ ಮೇಲೆ ಕತ್ತರಿಸಿ ಹೋಯಿತು.

ಹಾಗಾಗಿ ಉಳಿದದ್ದು ಕೈ ಕೆಲಸ. ಟ್ರ್ಯಾಕ್‌ನ ಕಡೆ ಒಂದು ಪಟ್ಟಿ, ನಡುವೆ ನೀರಿಗೆ ಎರಡು ಓಣಿ. ತೆನೆ ಬರುವಾಗ ನೀರಿನ ಕೆಳಗೆ ಒಂದು ಕೊಯ್ಲು, ಚಿಗುರಿದಾಗ ಇನ್ನೊಂದು. ಎರಡನೇ ಕೊಯ್ಲಿಗೆ ಯಾರೂ ಬರುವುದಿಲ್ಲ, ಅದೇ ಮುಖ್ಯವಾದದ್ದು. ಫೋಟೋದಲ್ಲಿ ಚೆನ್ನಾಗಿ ಕಾಣುವುದಿಲ್ಲ ನೋಡಿ. ನಮ್ಮ ಇನ್ನೊಂದು ಕೆಲಸ ತೂಬು ಹುಡುಕುವುದು. ಮೂರು ವರ್ಷಕ್ಕೊಮ್ಮೆಯಾದರೂ ಮಾರ್ಚ್‌ನಲ್ಲಿ ನೀರು ಇಳಿಸಿ ಎರಡು ತಿಂಗಳು ಹಾಗೇ ಬಿಡಲು ಒಪ್ಪಿಸಬೇಕು ಅಂತ ನನ್ನ ಹಟ. ಇಳಿಸಲು ತೂಬು ಬೇಕಲ್ಲ. ಹಳೇ ನಕ್ಷೆಯಲ್ಲಿ ಇದೆ. ಆ ಜಾಗದಲ್ಲಿ ಈಗ ಒಂದು ಅಪಾರ್ಟ್‌ಮೆಂಟಿನ ಜನರೇಟರ್ ಕೂತಿದೆ.

ಏರಿಯ ಮೇಲೆ

ಹೋದ ಏಪ್ರಿಲ್‌ನಲ್ಲಿ ಒಂದು ಮದುವೆಗೆ ಅಜ್ಜಿಯ ಊರಿಗೆ ಹೋಗಿದ್ದೆ. ಊಟ ಆದ ಮೇಲೆ ಮಾವನ ಜೊತೆ ಏರಿಗೆ ನಡೆದೆ. ಮಾವನಿಗೆ ಈಗ ಎಪ್ಪತ್ತು ದಾಟಿದೆ. ಕೆರೆ ತುಂಬಿತ್ತು. ಏಪ್ರಿಲ್‌ನಲ್ಲಿ! 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಬರುತ್ತಿದೆ. ನಾನು ಕ್ರಿಕೆಟ್ ಆಡಿದ ಅಂಗಳದ ಮೇಲೆ ಎರಡಾಳು ನೀರು. ಮಾವನ ಮುಖದಲ್ಲಿ ಮದುವೆ ಮನೆಯಲ್ಲಿಲ್ಲದ ಕಳೆ. ಸಾವಿರದಿನ್ನೂರು ಅಡಿ ಕೊರೆದರೂ ಧೂಳು ಬರುತ್ತಿದ್ದ ಹೊಲದಲ್ಲಿ ಈಗ ಹಳೇ ಬಾವಿಗೇ ನೀರು ಬಂದಿದೆ ಅಂತ ಎರಡು ಸಲ ಹೇಳಿದ. ಅವನ ಮುಂದೆ ಕೆರೆ ಒಣಗಬೇಕು ಅಂತ ಯಾವ ಬಾಯಲ್ಲಿ ಹೇಳುವುದು? ಇಪ್ಪತ್ತು ವರ್ಷ ಬತ್ತಿದ ಕೆರೆಯನ್ನು ನೋಡಿ ನೋಡಿ ಸೋತ ಕಣ್ಣು ಅದು. ಅವನು ಕಂಡದ್ದು ಬೇಸಿಗೆಯಲ್ಲ, ಬರ. ಎರಡೂ ಬೇರೆ ಬೇರೆ. ನಾನು ಬೆಂಗಳೂರಲ್ಲಿ ಕೂತು ಎರಡನ್ನೂ ಕಲಸಿಬಿಟ್ಟಿದ್ದೆನೇನೋ.

ನೀರು ಬರುವ ಕಾಲುವೆಯ ಮೂಲೆಯಲ್ಲಿ ಜೊಂಡು ಎದ್ದಿತ್ತು. ಮೂರು ನಾಲ್ಕು ಗುಂಟೆ ಇರಬಹುದು. ಕಂದು ಕುಲ್ಫಿಗಳು ಗಾಳಿಗೆ ತೂಗುತ್ತಿದ್ದವು.

"ಜಂಬು ಬಂದಿದೆಯಲ್ಲ ಮಾವ."

"ಎರಡು ವರ್ಷ ಆಯ್ತು. ಮೊದ್ಲು ಇಷ್ಟೇ ಇತ್ತು" ಅಂತ ಟವೆಲ್ ಹರಡಿ ತೋರಿಸಿದ. "ನೀನು ಅದೇನೋ ಬೆಂಗ್ಳೂರಲ್ಲಿ ಕುಯ್ಯಿಸ್ತೀಯಂತಲ್ಲ. ಹೆಂಗೆ ಕುಯ್ಯಬೇಕು ಇದನ್ನ?"

ಹೇಳಿದೆ. ತೆನೆ ಒಡೆಯುವ ಮೊದಲು, ನೀರಿನ ಕೆಳಗೆ ಒಂದು ಗೇಣು, ಚಿಗುರಿದರೆ ಮತ್ತೆ. ಪೂರ್ತಿ ತೆಗೆಯಬೇಡಿ, ಕಾಲುವೆ ಬಾಯಲ್ಲಿ ಇರಲಿ. ತೂಬು ಎತ್ತಲು ಬರುತ್ತಾ ಅಂತಲೂ ಕೇಳಿದೆ. ತೂಬು ಎತ್ತಿ ನೀರು ಬಿಡುತ್ತಿದ್ದ ಕೊನೆಯ ನೀರುಗಂಟಿ ತೀರಿಕೊಂಡು ಹದಿನೈದು ವರ್ಷವಾಯಿತಂತೆ. ನೀರುಗಂಟಿಯ ಮಗ ನರಸಾಪುರದಲ್ಲಿ ಫ್ಯಾಕ್ಟರಿ ಕೆಲಸಕ್ಕೆ ಹೋಗುತ್ತಾನೆ. ಮಾವ ಸ್ವಲ್ಪ ಹೊತ್ತು ನೀರನ್ನೇ ನೋಡಿದ. ಎಮ್ಮೆ ಊರಲ್ಲಿ ಒಂದೂ ಇಲ್ಲ ಈಗ, ಎಲ್ಲ ಸೀಮೆಹಸು, ಕೊಟ್ಟಿಗೆ ಬಿಟ್ಟು ಹೊರಗೆ ಬರುವುದಿಲ್ಲ.

"ಅದೆಲ್ಲ ಸರಿ" ಅಂದ. "ಇಳಿಯೋರು ಯಾರು?"

ಇಬ್ಬರೂ ನಮ್ಮ ನಮ್ಮ ಪಂಚೆ ನೋಡಿಕೊಂಡೆವು. ಮದುವೆಯ ಪಂಚೆ, ರೇಷ್ಮೆ ಅಂಚು. ಮಾವ ಚಪ್ಪಲಿ ಬಿಟ್ಟು ಕಲ್ಲುಕಟ್ಟಡದ ಮೇಲೆ ನಾಲ್ಕು ಹೆಜ್ಜೆ ಇಳಿದ. ಕೈಗೆ ಸಿಕ್ಕಿದ ಒಂದು ಜೊಂಡನ್ನು ಬುಡದಲ್ಲಿ ಹಿಡಿದು, ಮೊಣಕೈವರೆಗೆ ನೀರಿಗೆ ಹಾಕಿ, ಎಳೆದ. ಗೆಡ್ಡೆ ಬರಲಿಲ್ಲ. ಆಚೆ ಎಲ್ಲೋ ಇನ್ನೊಂದು ಕಡ್ಡಿ ಅಲ್ಲಾಡಿತು.